ದಿನಕ್ಕೆ ಒಂದು ಪುಟ ಬರೆದಿದ್ರೂ ಮುಗೀಬೇಕಿತ್ತಲ್ವಾ?

ಪ್ರಶ್ನೆ: ಮೇಡಂ, ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ‘ಎ ಸಾಂಗ್ ಆಫ್ ಐಸ್ ಅಂಡ್ ಫೈರ್’ ಸೀರೀಸನ್ನ ನಾನು ಓದೋಕೆ ಶುರು ಮಾಡಿದ್ದು ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿ, ಐದನೇ ಪುಸ್ತಕ ಆಗಷ್ಟೇ ಬಂದಿತ್ತು. ಈಗ ನನ್ನ ಮಗಳು ಸ್ಕೂಲಿಗೆ ಹೋಗ್ತಿದ್ದಾಳೆ, ಆರನೇದು ಇನ್ನೂ ಬಂದಿಲ್ಲ. ದಿನಕ್ಕೆ ಒಂದು ಪುಟ ಬರೆದಿದ್ರೂ ಮುಗೀಬೇಕಿತ್ತಲ್ವಾ? ಅದರ ಮೇಲೆ ಮಾಡಿದ ‘ಗೇಮ್ ಆಫ್ ಥ್ರೋನ್ಸ್’ ಟಿವಿ ಸೀರೀಸ್‌ನಿಂದ ದುಡ್ಡು ಬಂದ್ಮೇಲೆ ಆಸಕ್ತಿ ಹೋಯ್ತಾ, ಅಥವಾ ಸೋಮಾರಿತನನಾ? ಕಾದಂಬರಿ ಎಡಿಟ್ ಮಾಡೋ ನಿಮ್ಮಂಥವರಿಗೆ ಇದು ಹೇಗೆ ಕಾಣುತ್ತೆ? ನಾನು ಮತ್ತೆ ಮೊದಲಿಂದ ಓದ್ಲಾ, ಬಿಟ್ಟುಬಿಡ್ಲಾ?

ಉತ್ತರ: ನಿಮ್ಮ ಲೆಕ್ಕದಿಂದಾನೇ ಶುರು ಮಾಡ್ತೀನಿ, ಯಾಕಂದ್ರೆ ಲೆಕ್ಕ ಸರಿಯಾಗೇ ಇದೆ. ಮಾರ್ಟಿನ್ ಅವರ ಮೂರನೇ ಪುಸ್ತಕದ್ದೂ ಐದನೇ ಪುಸ್ತಕದ್ದೂ ಹಸ್ತಪ್ರತಿ ಹತ್ತಿರತ್ತಿರ 1500 ಪುಟ ಇತ್ತು, ದಿನಕ್ಕೊಂದು ಪುಟ ಅಂದ್ರೆ ನಾಲ್ಕು ವರ್ಷ ಚಿಲ್ಲರೆ. ಆದ್ರೆ ಈ ಲೆಕ್ಕದಲ್ಲಿ ಒಂದು ವಿಷಯ ಹಿಡಿದಿಲ್ಲ, ಬರೆದ ಪುಟ ಉಳಿಯುತ್ತೆ ಅಂತ ನೀವು ಅಂದ್ಕೊಂಡಿದೀರಿ. ಹಸ್ತಪ್ರತಿಗಳ ಜೊತೆ ಇಪ್ಪತ್ತು ವರ್ಷ ಕೂತ ನನಗೆ ಗೊತ್ತಿರೋದು ಏನಂದ್ರೆ ಉದ್ದದ ಕಾದಂಬರಿಯಲ್ಲಿ ಟೈಪ್ ಮಾಡೋ ಕೆಲಸಕ್ಕೆ ಹಿಡಿಯೋ ಟೈಮ್ ಬಹಳ ಕಡಿಮೆ, ಇದು ಇಲ್ಲೇ ಇರ್ಬೇಕಾ, ಇವನು ಈ ಊರಿಗೆ ಇವತ್ತೇ ಬರ್ಬೇಕಾ ನಾಳೆ ಬರ್ಬೇಕಾ, ಅಂತ ತೀರ್ಮಾನ ಮಾಡೋದಿದೆಯಲ್ಲ ಅದೇ ವರ್ಷಗಳನ್ನ ತಿನ್ನೋದು.

ಮೊದಲು ಟಿವಿ ವಿಷಯ ಮುಗಿಸಿಬಿಡೋಣ. ಪುಸ್ತಕಗಳು ಬಂದ ವರ್ಷ ನೋಡಿ: 1996, 1998, 2000, ಆಮೇಲೆ 2005, ಆಮೇಲೆ 2011. ಎರಡು ವರ್ಷ, ಎರಡು ವರ್ಷ, ಐದು ವರ್ಷ, ಆರು ವರ್ಷ. ಟಿವಿ ಸೀರೀಸ್ ಶುರುವಾಗಿದ್ದು 2011ರ ಏಪ್ರಿಲ್‌ನಲ್ಲಿ, ಐದನೇ ಪುಸ್ತಕಕ್ಕಿಂತ ಮೂರೇ ತಿಂಗಳು ಮುಂಚೆ. ಅಂದ್ರೆ ಬರವಣಿಗೆ ನಿಧಾನ ಆಗಿದ್ದು ಟಿವಿ ಬರೋಕೆ ಹತ್ತು ವರ್ಷ ಮೊದಲೇ, 2000 ಇಸವಿ ಆದ್ಮೇಲೆ. ಆಗ ಏನಾಯ್ತು ಅನ್ನೋದೇ ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ.

ಆದದ್ದು ಇಷ್ಟು. ಈ ಕಥೆ ಹುಟ್ಟಿದ್ದು 1991ರಲ್ಲಿ, ಬೇರೆ ಯಾವುದೋ ಸೈನ್ಸ್ ಫಿಕ್ಷನ್ ಕಾದಂಬರಿ ಬರೀತಿದ್ದಾಗ ಬೇಸಿಗೆಯ ಹಿಮದಲ್ಲಿ ತೋಳದ ಮರಿಗಳು ಸಿಗೋ ಒಂದು ದೃಶ್ಯ ಅವರ ತಲೆಗೆ ಬಂತು, ಅದನ್ನ ಬಿಟ್ಟು ಇದನ್ನ ಬರೀತಾ ಹೋದ್ರು. 1993ರಲ್ಲಿ ಏಜೆಂಟ್‌ಗೆ ಕಳಿಸಿದ ಪತ್ರದಲ್ಲಿ ಇದು ಮೂರು ಪುಸ್ತಕದ ಕಥೆ. ಬರೀತಾ ಬರೀತಾ ಮೊದಲನೇ ಪುಸ್ತಕಾನೇ ಹಿಡಿಸಲಾರದಷ್ಟು ಬೆಳೆದು ಉಳಿದ ಪುಟಗಳು ಎರಡನೇದಕ್ಕೆ ಹೋದ್ವು, ಎರಡನೇದು ಬೇಗ ಬರೋಕೆ ಅದೂ ಒಂದು ಕಾರಣ. ಮೂರು ಹೋಗಿ ನಾಲ್ಕಾಯ್ತು, ಆರಾಯ್ತು, ಈಗ ಏಳು ಅಂತಿದ್ದಾರೆ. ಲೇಖಕರಲ್ಲಿ ಎರಡು ಥರ ಅಂತ ಮಾರ್ಟಿನ್ ಅವರೇ ಹೇಳ್ತಾರೆ, ಒಬ್ಬರು ಆರ್ಕಿಟೆಕ್ಟ್ ಥರ, ಮನೆಗೆ ಎಷ್ಟು ರೂಮು, ಪೈಪ್ ಎಲ್ಲಿ ಹೋಗುತ್ತೆ ಎಲ್ಲಾ ಪ್ಲಾನ್ ಮಾಡಿ ಆಮೇಲೆ ಪಾಯ ತೋಡ್ತಾರೆ, ಇನ್ನೊಬ್ಬರು ತೋಟ ಮಾಡೋರು, ಬೀಜ ಯಾವುದು ಅಂತ ಗೊತ್ತಿರುತ್ತೆ, ಕೊಂಬೆ ಎಷ್ಟು ಒಡೆಯುತ್ತೆ ಗೊತ್ತಿರಲ್ಲ. ತಾನು ತೋಟದವನು ಅಂತಾರೆ. ಈ ಮಾತನ್ನ ಬಹಳ ಜನ ಕೇಳಿರ್ತಾರೆ, ಆದ್ರೆ ಅದ್ರಿಂದ ಆಗೋ ತೊಂದರೆ ಏನು ಅಂತ ಯೋಚನೆ ಮಾಡಿರಲ್ಲ. ತೋಟದಲ್ಲಿ ಗಿಡ ಬೇಡದ ಕಡೆ ಬೆಳೆದ್ರೆ ಕತ್ತರಿಸಬಹುದು. ಸೀರೀಸ್‌ನಲ್ಲಿ ಮೊದಲನೇ ಭಾಗ ಪ್ರಿಂಟ್ ಆಗಿ ಲಕ್ಷಾಂತರ ಜನರ ಮನೆ ಸೇರಿಬಿಟ್ಟಿರುತ್ತೆ, ಆ ಕೊಂಬೆ ಕತ್ತರಿಸೋ ಹಾಗೇ ಇಲ್ಲ.

ಇದು ನನಗೆ ಮೈಗೆ ತಾಗಿ ಗೊತ್ತಾಗಿದ್ದು ಒಂದು ಎರಡು ಭಾಗದ ಕನ್ನಡ ಕಾದಂಬರಿ ಎಡಿಟ್ ಮಾಡುವಾಗ. ಫ್ಯಾಂಟಸಿ ಏನಲ್ಲ, ಒಂದು ಮನೆತನದ ಕಥೆ. ಮೊದಲನೇ ಭಾಗದಲ್ಲಿ ಒಂದು ಕಡೆ ಸುಮ್ಮನೆ ಹಾದುಹೋಗೋ ಒಂದು ವಾಕ್ಯ, ‘ಅತ್ತೆ ತೀರಿಕೊಂಡು ಎಂಟು ವರ್ಷ ಆಗಿತ್ತು’ ಅಂತ. ಬರೆದವರಿಗೂ ನೆನಪಿಲ್ಲ, ನನಗೂ ಅದು ಮುಖ್ಯ ಅನ್ನಿಸಿರ್ಲಿಲ್ಲ. ಎರಡನೇ ಭಾಗದಲ್ಲಿ ಆಸ್ತಿ ಪಾಲಾಗುವಾಗ ಆ ಅತ್ತೆ ಬದುಕಿರ್ಲೇಬೇಕು, ಅವರು ಸಹಿ ಹಾಕಲ್ಲ ಅಂತ ಹಠ ಹಿಡಿಯೋದ್ರ ಮೇಲೇ ಇಡೀ ಕಥೆ ನಿಂತಿದೆ. ಮೊದಲ ಭಾಗ ಅಂಗಡಿಯಲ್ಲಿ ಮಾರಾಟ ಆಗ್ತಿತ್ತು. ಆ ಹಠವನ್ನ ಚಿಕ್ಕತ್ತೆಗೆ ಕೊಟ್ಟು, ಚಿಕ್ಕತ್ತೆಗೆ ಆ ಹಠ ಯಾಕೆ ಬಂತು ಅಂತ ಹಿಂದಿನ ಕಥೆ ಕಟ್ಟಿ, ಅದು ಹೊಂದೋ ಹಾಗೆ ಮೂರು ಅಧ್ಯಾಯ ತಿರುಗಿ ಬರೆದು, ಎಂಟು ತಿಂಗಳು ಹೋಯ್ತು. ಐದು ಪದದ ಒಂದು ವಾಕ್ಯಕ್ಕೆ ಎಂಟು ತಿಂಗಳು. ಅದು ನಾನೂರು ಪುಟದ ಕಥೆ, ಹದಿನೈದು ಪಾತ್ರ. ಮಾರ್ಟಿನ್ ಅವರ ಮೊದಲನೇ ಪುಸ್ತಕ ಒಂದೇ ಮೂರು ಲಕ್ಷ ಪದದ ಹತ್ರ ಇದೆ, ಮೂರನೇದೂ ಐದನೇದೂ ನಾಲ್ಕು ಲಕ್ಷ ದಾಟುತ್ತೆ, ಹೆಸರಿರೋ ಪಾತ್ರಗಳೇ ಸಾವಿರ ಮೀರ್ತವೆ.

ಇದನ್ನ ಟಾಲ್ಕೀನ್ ಅವರ ಜೊತೆ ಹೋಲಿಸಿ ನೋಡಿ. ‘ದಿ ಲಾರ್ಡ್ ಆಫ್ ದ ರಿಂಗ್ಸ್’ ಶುರುವಾಗಿದ್ದು 1937ರ ಡಿಸೆಂಬರ್‌ನಲ್ಲಿ, ಬರೆದು ಮುಗಿಸೋಕೆ ಹನ್ನೆರಡು ವರ್ಷ ಹಿಡೀತು, ಪ್ರಿಂಟ್ ಆಗಿದ್ದು 1954-55ರಲ್ಲಿ. ಮೂರು ಸಂಪುಟವಾಗಿ ಬಂದ್ರೂ ಮೊದಲನೇ ಸಂಪುಟ ಅಂಗಡಿಗೆ ಬರೋ ಹೊತ್ತಿಗೆ ಕಥೆ ಕೊನೇ ತನಕ ಬರೆದಾಗಿತ್ತು, ಕೊನೆಯಲ್ಲಿ ಏನೋ ಬದಲಾದ್ರೆ ಮೊದಲಿಗೆ ಹೋಗಿ ತಿದ್ದೋಕೆ ಅವರಿಗೆ ಅವಕಾಶ ಇತ್ತು, ತಿದ್ದಿದ್ರು ಕೂಡ. ಅದೂ ಸಾಲದೆ, 1937ರಲ್ಲೇ ಬಂದಿದ್ದ ‘ದಿ ಹಾಬಿಟ್’ನಲ್ಲಿ ಗಾಲಮ್ ಅನ್ನೋನು ಒಗಟಿನ ಆಟದಲ್ಲಿ ಸೋತ್ರೆ ತನ್ನ ಉಂಗುರಾನ ಬಹುಮಾನ ಅಂತ ಕೊಡೋಕೆ ತಯಾರಿರ್ತಾನೆ. ಮುಂದಿನ ಕಥೆಯಲ್ಲಿ ಆ ಉಂಗುರ ಹಿಡಿದವರು ಅದನ್ನ ಬಿಟ್ಟುಕೊಡೋಕೇ ಆಗದಂಥ ವಸ್ತು ಆಗಿಬಿಡ್ತು. ಟಾಲ್ಕೀನ್ ಏನ್ ಮಾಡಿದ್ರು, 1951ರ ಎರಡನೇ ಆವೃತ್ತಿಯಲ್ಲಿ ಆ ಅಧ್ಯಾಯವನ್ನೇ ಬದಲಾಯಿಸಿಬಿಟ್ರು. ಸ್ಟೀಫನ್ ಕಿಂಗ್ ಕೂಡ ತಮ್ಮ ‘ಡಾರ್ಕ್ ಟವರ್’ ಸೀರೀಸ್ 2004ರಲ್ಲಿ ಮುಗಿಸೋಕೆ ಮುಂಚೆ, 1982ರ ಮೊದಲನೇ ಪುಸ್ತಕ ತಿದ್ದಿ 2003ರಲ್ಲಿ ಮತ್ತೆ ಹೊರತಂದ್ರು. ಇಂಥದ್ದೆಲ್ಲ ಒಂದೋ ಎರಡೋ ಅಧ್ಯಾಯದ ತಿದ್ದುಪಡಿಗೆ ನಡೆಯುತ್ತೆ. ಐದು ಪುಸ್ತಕ, ಅದರ ಮೇಲೆ ಟಿವಿ, ಪ್ರತಿ ಸಾಲನ್ನೂ ಬಾಯಿಪಾಠ ಮಾಡಿರೋ ಓದುಗರು, ಇಷ್ಟಿರುವಾಗ ಹಿಂದೆ ಹೋಗಿ ತಿದ್ದೋದು ಎಲ್ಲಿ ಬಂತು? ಒಂದು ಪಾತ್ರದ ಕಣ್ಣಿನ ಬಣ್ಣ ಎರಡು ಕಡೆ ಬೇರೆ ಬೇರೆ ಬಂದಿದ್ದನ್ನೂ ಓದುಗರು ಹಿಡಿದಿದ್ದಾರೆ.

ಈಗ 2000 ಇಸವಿಗೆ ಬರೋಣ. ಐದನೇ ಪುಸ್ತಕದ ತನಕ ಕಥೆ ಹೇಳ್ತೀನಿ, ಓದದೇ ಇರೋರು ಮುಂದಿನ ಮೂರು ಪ್ಯಾರಾ ಬಿಟ್ಟು ಓದಿ. ಮೂರನೇ ಪುಸ್ತಕ ಮುಗಿದಾಗ ಮುಖ್ಯ ಪಾತ್ರಗಳಲ್ಲಿ ಅರ್ಧ ಜನ ಇನ್ನೂ ಮಕ್ಕಳು. ಆರ್ಯ, ಬ್ರ್ಯಾನ್, ಸಾನ್ಸಾ, ಡ್ರ್ಯಾಗನ್ ಮರಿಗಳು ಕೂಡ. ಮೊದಲಿಂದ ಮಾರ್ಟಿನ್ ಅಂದ್ಕೊಂಡಿದ್ದು ಕಥೆ ಸಾಗ್ತಾ ಸಾಗ್ತಾ ಇವರು ದೊಡ್ಡವರಾಗ್ತಾರೆ ಅಂತ, ಆದ್ರೆ ಒಂದು ಅಧ್ಯಾಯ ಮುಗಿದು ಇನ್ನೊಂದು ಶುರುವಾಗೋಕೆ ಕಥೆಯಲ್ಲಿ ಒಂದು ವಾರ ಕೂಡ ಕಳೀತಿರಲಿಲ್ಲ. ಹಾಗಾಗಿ ಐದು ವರ್ಷ ಒಂದೇ ಸಲ ಹಾರಿಬಿಡೋಣ, ನಾಲ್ಕನೇ ಪುಸ್ತಕ ಐದು ವರ್ಷ ಆದ್ಮೇಲೆ ಅಂತ ಶುರು ಮಾಡೋಣ ಅಂತ ಪ್ಲಾನ್ ಮಾಡಿ ಬರೆಯೋಕೆ ಕೂತ್ರು. ಆರ್ಯ, ಬ್ರ್ಯಾನ್ ಇವರಿಗೆ ಅದು ಚೆನ್ನಾಗಿ ಕೂತ್ಕೊಳ್ತು, ಇಬ್ರೂ ಏನೋ ಕಲೀತಿದ್ದಾರೆ, ಐದು ವರ್ಷ ಕಲಿತು ಬರ್ತಾರೆ. ಜಾನ್ ಸ್ನೋ? ಮೂರನೇ ಪುಸ್ತಕದ ಕೊನೇಲಿ ಕಮಾಂಡರ್ ಆಗಿದ್ದಾನೆ, ಉತ್ತರದಿಂದ ಅಪಾಯ ಬರ್ತಾ ಇದೆ, ಐದು ವರ್ಷ ಏನೂ ಆಗಲಿಲ್ಲ ಅಂದ್ರೆ ಯಾರು ನಂಬ್ತಾರೆ? ರಾಜಧಾನಿಯಲ್ಲಿ ಸರ್ಸಿ, ಐದು ವರ್ಷ ತೆಪ್ಪಗಿರೋ ಹೆಂಗಸಲ್ಲ ಅವಳು. ನಡುವೆ ಆಗಿದ್ದನ್ನೆಲ್ಲ ಫ್ಲ್ಯಾಶ್‌ಬ್ಯಾಕ್‌ನಲ್ಲಿ ಹೇಳೋಕೆ ಹೋದ್ರು, ಈಗ ನಡೀತಿರೋದಕ್ಕಿಂತ ಹಿಂದೆ ನಡೆದಿದ್ದೇ ಜಾಸ್ತಿ ಆಯ್ತು. ಒಂದು ವರ್ಷದಷ್ಟು ಕೆಲಸ ಮಾಡಿ 2001ರಲ್ಲಿ ಅದನ್ನ ಕೈಬಿಟ್ರು, ಬರೆದಿದ್ರಲ್ಲಿ ಬಹುಪಾಲು ಎಸೆದು ಐದು ವರ್ಷದ ಜಿಗಿತಾನೇ ಇಲ್ಲ ಅಂತ ಮೊದಲಿಂದ ಶುರು. ದಿನಕ್ಕೊಂದು ಪುಟದ ಲೆಕ್ಕ ಅಲ್ಲೇ ಹೋಯ್ತು ನೋಡಿ.

ಆಮೇಲೆ ಹೊಸದಾಗಿ ಬರೆದಿದ್ದು ಎಷ್ಟು ಬೆಳೀತು ಅಂದ್ರೆ ಒಂದು ಪುಸ್ತಕದಲ್ಲಿ ಬೈಂಡ್ ಮಾಡೋಕೇ ಆಗ್ತಿರಲಿಲ್ಲ. ಸಾಮಾನ್ಯವಾಗಿ ಅರ್ಧ ಕಥೆ ಒಂದರಲ್ಲಿ, ಉಳಿದರ್ಧ ಇನ್ನೊಂದರಲ್ಲಿ ಅಂತ ಹಾಕ್ತಾರೆ, ಇವರು ಕಥೆಯನ್ನ ಅರ್ಧ ಮಾಡದೆ ಪಾತ್ರಗಳನ್ನ ಅರ್ಧ ಮಾಡಿದ್ರು. ದಕ್ಷಿಣದವರು, ರಾಜಧಾನಿಯವರು 2005ರ ನಾಲ್ಕನೇ ಪುಸ್ತಕಕ್ಕೆ, ಜಾನ್, ಟಿರಿಯನ್, ಡೆನೇರಿಸ್ ಐದನೇದಕ್ಕೆ, ಎರಡೂ ಒಂದೇ ಕಾಲದಲ್ಲಿ ನಡೆಯೋ ಕಥೆ. ನಾಲ್ಕನೇ ಪುಸ್ತಕದ ಕೊನೇ ಪುಟದಲ್ಲಿ, ಮುಂದಿನದು ಬರೋ ವರ್ಷ ಬರಬಹುದು ಅಂತ ಆಶಿಸಿ ಒಂದು ಟಿಪ್ಪಣಿ ಹಾಕಿದ್ರು. ಬಂದಿದ್ದು ಆರು ವರ್ಷ ಬಿಟ್ಟು. ಸುಳ್ಳು ಹೇಳಿದ್ರು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ, ಅರ್ಧ ಬರೆದಾಗಿದೆ ಅಂತ ಅವರು ನಂಬಿದ್ರು, ಆ ಅರ್ಧ ಮತ್ತೆ ಬಿಚ್ಚಿಕೊಳ್ತು.

ಬಿಚ್ಚಿಕೊಂಡಿದ್ದು ಮೀರೀನ್ ಅನ್ನೋ ಊರಲ್ಲಿ. ಡೆನೇರಿಸ್ ಆ ಊರಲ್ಲಿ ಕೂತಿದ್ದಾಳೆ, ಅವಳನ್ನ ಹುಡುಕ್ಕೊಂಡು ಮೂರ್ನಾಲ್ಕು ಜನ ಬೇರೆ ಬೇರೆ ದಾರಿಯಲ್ಲಿ ಬರ್ತಿದ್ದಾರೆ, ಒಬ್ಬ ಮದುವೆ ಆಗೋಕೆ, ಒಬ್ಬ ತಪ್ಪಿಸ್ಕೊಂಡು, ಒಬ್ಬ ಹಡಗಿನ ಪಡೆ ತಗೊಂಡು. ಈ ಕಡೆ ಅವಳ ಮದುವೆ ಆಗ್ಬೇಕು, ಮಲ್ಲರ ಕಣ ತೆರೀಬೇಕು, ಡ್ರ್ಯಾಗನ್ ವಾಪಸ್ ಬರ್ಬೇಕು. ಯಾರು ಮೊದಲು ತಲುಪಿದ್ರು ಅನ್ನೋದನ್ನ ಸ್ವಲ್ಪ ಹಿಂದೆ ಮುಂದೆ ಮಾಡಿದ್ರೆ ಉಳಿದಿದ್ದೆಲ್ಲ ಬದಲಾಗುತ್ತೆ. ಕ್ವೆಂಟಿನ್ ಅನ್ನೋ ರಾಜಕುಮಾರ ಮದುವೆಗೆ ಮುಂಚೆ ಬಂದ್ರೆ ಒಂದು ಕಥೆ, ಮದುವೆ ದಿನಾನೇ ಬಂದ್ರೆ ಇನ್ನೊಂದು, ಆದ್ಮೇಲೆ ಬಂದ್ರೆ ಮತ್ತೊಂದು, ಮಾರ್ಟಿನ್ ಇದನ್ನ ಬೇರೆ ಬೇರೆ ಥರ ಬರೆದು ನೋಡಿದ್ದಾರೆ. ಅವರೇ ಇದಕ್ಕೆ ಮೀರೀನಿನ ಗಂಟು ಅಂತ ಹೆಸರಿಟ್ಟಿದ್ರು. ಅದರ ಜೊತೆಗೆ ಅವರು ಹಾಕ್ಕೊಂಡಿರೋ ಒಂದು ನಿಯಮ ಇದೆ, ಪ್ರತಿ ಅಧ್ಯಾಯ ಒಂದು ಪಾತ್ರದ ಕಣ್ಣಿಂದಾನೇ ನಡೀಬೇಕು, ಆ ಪಾತ್ರ ಅಲ್ಲಿ ಇಲ್ಲದಿದ್ರೆ ಆ ಜಾಗದಲ್ಲಿ ಆಗಿದ್ದನ್ನ ಓದುಗರಿಗೆ ತೋರ್ಸೋ ಹಾಗಿಲ್ಲ. ಡೆನೇರಿಸ್ ಊರು ಬಿಟ್ಟು ಹಾರಿಹೋದ ಮೇಲೆ ಅಲ್ಲಿ ಕಣ್ಣೇ ಇರಲಿಲ್ಲ. ಕೊನೆಗೆ ಮುದುಕ ಬ್ಯಾರಿಸ್ಟನ್‌ಗೆ ಅಧ್ಯಾಯಗಳನ್ನ ಕೊಟ್ಟಾಗ ಆ ಗಂಟು ಬಿಚ್ತು. ಓದೋವಾಗ ನಮಗೆ, ಆ ಮುದುಕನ ಅಧ್ಯಾಯ ಬಂತು ಅಂತ ಅನ್ನಿಸುತ್ತೆ ಅಷ್ಟೆ, ಅದರ ಹಿಂದೆ ವರ್ಷಗಟ್ಟಲೆ ತಲೆಬಿಸಿ ಇದೆ. ಮೊದಲ ಪುಸ್ತಕದಲ್ಲಿ ಇಂಥ ಕಣ್ಣು ಮುನ್ನುಡಿ ಬಿಟ್ರೆ ಎಂಟು, ಐದನೇದ್ರಲ್ಲಿ ಅದರ ಎರಡರಷ್ಟು. ಅಷ್ಟು ಮಾಡಿದ್ರೂ ಕೊನೇಲಿ ಎರಡು ದೊಡ್ಡ ಯುದ್ಧಗಳು ಪುಸ್ತಕದಲ್ಲಿ ಹಿಡಿಸದೆ ಆರನೇದಕ್ಕೆ ಹೋದ್ವು. ಅಂದ್ರೆ ‘ದಿ ವಿಂಡ್ಸ್ ಆಫ್ ವಿಂಟರ್’ ಶುರುವಾಗಿದ್ದೇ ಹಳೇ ಸಾಲ ತಲೆ ಮೇಲೆ ಹೊತ್ಕೊಂಡು.

ಹಾಗಂತ ಅವರದ್ದೇನೂ ತಪ್ಪಿಲ್ಲ ಅಂತ ನಾನು ಹೇಳಲ್ಲ. ಪ್ರಯಾಣದಲ್ಲಿ, ಹೋಟೆಲ್‌ನಲ್ಲಿ ತನಗೆ ಬರೆಯೋಕಾಗಲ್ಲ, ಸಾಂಟಾ ಫೆಯ ಮನೆಯಲ್ಲಿ ಹಳೇ ಡಾಸ್ ಕಂಪ್ಯೂಟರಿನ ವರ್ಡ್‌ಸ್ಟಾರ್‌ನಲ್ಲೇ ಬರೀಬೇಕು ಅಂತ ಹೇಳೋ ಮನುಷ್ಯ ಸಮಾವೇಶ, ಪ್ರವಾಸ, ಟಿವಿ ಕೆಲಸ ಅಂತ ಅಷ್ಟೊಂದು ಒಪ್ಕೊಂಡಿದ್ದು ಅವರದ್ದೇ ಆಯ್ಕೆ. ಮೊದಲ ನಾಲ್ಕು ಸೀಸನ್‌ಗೆ ವರ್ಷಕ್ಕೊಂದು ಸ್ಕ್ರಿಪ್ಟ್ ಬರೆದು ಆಮೇಲೆ ಪುಸ್ತಕಕ್ಕೋಸ್ಕರ ಅದನ್ನ ನಿಲ್ಲಿಸಿದ್ರು, ಅದು ಒಳ್ಳೇದಾಯ್ತು. ಆದ್ರೆ ನಡುವೆ 2014ರಲ್ಲಿ ಆ ಲೋಕದ ಚರಿತ್ರೆಯ ದೊಡ್ಡ ಚಿತ್ರಗಳ ಪುಸ್ತಕ, 2018ರಲ್ಲಿ ‘ಫೈರ್ ಅಂಡ್ ಬ್ಲಡ್’, ‘ವೈಲ್ಡ್ ಕಾರ್ಡ್ಸ್’ ಸಂಕಲನಗಳ ಎಡಿಟಿಂಗ್. ನನಗೆ ಇದರಲ್ಲಿ ಕಾಣೋದು ಆಸಕ್ತಿ ಹೋಗಿದೆ ಅಂತಲ್ಲ, ಕಷ್ಟದ ಗಂಟಿನ ಮುಂದೆ ಕೂತ ಯಾವ ಲೇಖಕರಾದ್ರೂ ಮಾಡೋದೇ ಇದು, ಬಿಡಿಸೋಕಾಗೋ ಇನ್ನೊಂದು ಕೆಲಸ ಕೈಗೆ ತಗೋತಾರೆ. ‘ಫೈರ್ ಅಂಡ್ ಬ್ಲಡ್’ ಒಬ್ಬ ಚರಿತ್ರೆಕಾರ ಬರೆದ ಹಾಗಿದೆ, ಅಲ್ಲಿ ಕಣ್ಣಿನ ನಿಯಮ ಇಲ್ಲ, ಎರಡು ಸಾಲಲ್ಲಿ ಹತ್ತು ವರ್ಷ ದಾಟಬಹುದು, ಅದಕ್ಕೇ ಅದು ಮುಗೀತು.

ಟಿವಿಯಿಂದ ಬೇರೆ ಥರದ ಪೆಟ್ಟೂ ಬಿತ್ತು. ಆರನೇ ಸೀಸನ್‌ಗೆ ಮುಂಚೆ ಪುಸ್ತಕ ಬರ್ಲಿ ಅಂತ 2015ರ ಕೊನೆಗೆ ಗಡುವು ಇತ್ತು, 2016ರ ಜನವರಿ 2ರಂದು ಅವರೇ ಮುಗಿದಿಲ್ಲ ಅಂತ ಒಪ್ಕೊಂಡು ಬರೆದ್ರು. ಆಮೇಲೆ ಟಿವಿ ಮುಂದೆ ಹೋಗಿ 2019ರ ಮೇನಲ್ಲಿ ತನ್ನದೇ ಒಂದು ಕೊನೆ ಕೊಟ್ಟುಬಿಡ್ತು. ಈಗ ಅವರು ಬರೆಯೋ ಪ್ರತಿ ಪುಟದ ಪಕ್ಕದಲ್ಲಿ, ಕೋಟ್ಯಂತರ ಜನ ನೋಡಿ ಬೈದುಕೊಂಡ ಒಂದು ಕೊನೆ ನಿಂತಿದೆ. ಅದೇ ಥರ ಹೋದ್ರೆ ಗೊತ್ತಿದ್ದ ಕಥೆ, ಬೇರೆ ಥರ ಹೋದ್ರೆ ಟಿವಿಗೆ ಹೆದರಿ ಬದಲಾಯಿಸಿದ್ರು ಅಂತಾರೆ. ಒಬ್ಬ ಮನುಷ್ಯ ಆ ಖಾಲಿ ಸ್ಕ್ರೀನ್ ಮುಂದೆ ಹೇಗೆ ಕೂರ್ತಾನೆ ಅಂತ ಯೋಚನೆ ಮಾಡಿದ್ರೆ ನನಗೆ ಸಂಕಟ ಆಗುತ್ತೆ. 2022ರಲ್ಲಿ ಮುಕ್ಕಾಲು ಪಾಲು ಆಯ್ತು, ಸಾವಿರದ ನೂರು ಇನ್ನೂರು ಪುಟ ಇದೆ ಅಂದ್ರು, 2023ರ ಕೊನೇಲೂ ಸಾವಿರದ ನೂರು ಪುಟ ಅಂತಾನೇ ಹೇಳಿದ್ರು. ಪುಟ ಬರೀಲೇ ಇಲ್ಲ ಅಂತ ಓದುಗರು ರೇಗಿದ್ರು, ನನಗೆ ಓದಿದ ತಕ್ಷಣ ಅನ್ನಿಸಿದ್ದು ಬರೆದಷ್ಟೇ ತೆಗೀತಿದ್ದಾರೆ ಅಂತ.

ಬೇಗ ಬರೆಯೋರು ಇಲ್ವಾ ಅಂತ ಕೇಳ್ತೀರಿ. ಇದ್ದಾರೆ. ಬ್ರ್ಯಾಂಡನ್ ಸ್ಯಾಂಡರ್ಸನ್ ಪ್ಲಾನ್ ಮಾಡಿ ಬರೆಯೋರು, ಅವರ ‘ಸ್ಟಾರ್ಮ್‌ಲೈಟ್’ ಪುಸ್ತಕಗಳು 2010, 2014, 2017, 2020, 2024ಕ್ಕೆ ಬಂದ್ವು, ಒಂದೊಂದೂ ದಪ್ಪ. ಹ್ಯಾರಿ ಪಾಟರ್ 1997ರಿಂದ 2007ರೊಳಗೆ ಏಳೂ ಮುಗೀತು, ಅಲ್ಲಿ ಒಂದು ಪುಸ್ತಕಕ್ಕೆ ಒಂದು ಶಾಲಾ ವರ್ಷ ಅನ್ನೋ ಬೇಲಿ ಇತ್ತು, ಬಹುಪಾಲು ಒಬ್ಬ ಹುಡುಗನ ಕಣ್ಣಿಂದಾನೇ ಕಥೆ. ಅದರಿಂದ ಅವು ಸುಲಭ ಅಂತಲ್ಲ, ಬೇಲಿ ಮೊದಲೇ ಹಾಕಿದ್ರು.

ಬೇಲಿ ಇಲ್ಲದೆ ಬೆಳೆದಿದ್ದಕ್ಕೆ ಇನ್ನೊಂದು ಉದಾಹರಣೆ ರಾಬರ್ಟ್ ಜೋರ್ಡನ್ ಅವರ ‘ದಿ ವೀಲ್ ಆಫ್ ಟೈಮ್’. 1990ರಲ್ಲಿ ಶುರುವಾಗಿ ಹಿಗ್ಗಿ ಹಿಗ್ಗಿ, 2003ರ ಹತ್ತನೇ ಪುಸ್ತಕದಲ್ಲಿ ಒಂಬತ್ತನೇದರ ಕೊನೇ ಘಟನೆ ನಡೆದಾಗ ಬೇರೆಯವರೆಲ್ಲ ಎಲ್ಲಿದ್ರು ಅಂತ ಹೇಳೋದ್ರಲ್ಲೇ ನೂರಾರು ಪುಟ ಹೋಗುತ್ತೆ, ಓದುಗರು ಬೇಜಾರು ಮಾಡ್ಕೊಂಡ್ರು. ಹನ್ನೆರಡನೇದೇ ಕೊನೇದು ಅಂತ ಹೇಳ್ತಿದ್ದವರು ಅದನ್ನ ಮುಗಿಸೋಕೆ ಮುಂಚೆ 2007ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ್ರು. ಅವರ ಹೆಂಡತಿ ಹ್ಯಾರಿಯೆಟ್ ಮೆಕ್‌ಡೂಗಲ್ ಅವರೇ ಎಡಿಟರ್ ಕೂಡ, ಅವರು ಸ್ಯಾಂಡರ್ಸನ್ ಅವರನ್ನ ಆರಿಸಿ ಜೋರ್ಡನ್ ಬಿಟ್ಟುಹೋದ ಟಿಪ್ಪಣಿಗಳನ್ನ ಕೊಟ್ರು, ಆ ಒಂದು ಪುಸ್ತಕ ಮೂರಾಗಿ 2009, 2010, 2013ರಲ್ಲಿ ಬಂತು. ಮುಗಿಸೋದು ಎಷ್ಟು ದೊಡ್ಡ ಕೆಲಸ ಅಂತ ಇದರಲ್ಲೇ ಗೊತ್ತಾಗುತ್ತೆ, ಟಿಪ್ಪಣಿ ಇದ್ದು, ಕೊನೇ ದೃಶ್ಯ ಬರೆದಿಟ್ಟಿದ್ದು, ಬೇಗ ಬರೆಯೋ ಕೈ ಸಿಕ್ಕಿದ್ರೂ ಐದಾರು ವರ್ಷ ಹಿಡೀತು. ನಮಗೇನೂ ಇದು ಹೊಸ ವಿಷಯ ಅಲ್ಲ ಬಿಡಿ. ನಾವು ನಾವೆಲ್‌ಗೆ ಇಟ್ಕೊಂಡಿರೋ ‘ಕಾದಂಬರಿ’ ಅನ್ನೋ ಹೆಸರೇ ಬಾಣಭಟ್ಟ ಅರ್ಧಕ್ಕೆ ಬಿಟ್ಟುಹೋದ, ಮಗ ಭೂಷಣಭಟ್ಟ ಮುಗಿಸಿದ ಒಂದು ಕೃತಿಯದ್ದು. ಕುಮಾರವ್ಯಾಸ ಭಾರತದ ಹತ್ತು ಪರ್ವ ಹೇಳಿ ನಿಲ್ಲಿಸಿದ, ಉಳಿದ ಪರ್ವಗಳನ್ನ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಹಾಡಿದ. ಹತ್ತೇ ಪರ್ವ ಅಂತ ಗದುಗಿನ ಭಾರತದ ವಾಚನಕ್ಕೆ ಕೂತ ಯಾರೂ ಎದ್ದು ಹೋಗಿದ್ದನ್ನ ನಾನು ನೋಡಿಲ್ಲ.

ಇನ್ನು ನಿಮ್ಮ ಕೊನೇ ಪ್ರಶ್ನೆ. ಬಿಡಬೇಡಿ, ಆದ್ರೆ ಮೊದಲಿಂದ ಐದೂ ಓದ್ಬೇಕಾಗಿಲ್ಲ. ಮಾರ್ಟಿನ್ ಅವರೇ ಇದೇ ಲೋಕದಲ್ಲಿ ಬರೆದ, ಡಂಕ್ ಮತ್ತು ಎಗ್ ಅನ್ನೋ ಇಬ್ಬರ ಮೂರು ಉದ್ದನೆ ಕಥೆಗಳು ‘ಎ ನೈಟ್ ಆಫ್ ದ ಸೆವೆನ್ ಕಿಂಗ್‌ಡಮ್ಸ್’ ಅಂತ 2015ರಲ್ಲಿ ಒಟ್ಟಿಗೆ ಬಂದಿದೆ, ಒಂದೊಂದೂ ತನ್ನಷ್ಟಕ್ಕೆ ಪೂರ್ತಿ ಆಗುತ್ತೆ, ಮಗಳು ಮಲಗಿದ ಮೇಲೆ ನಾಲ್ಕೈದು ರಾತ್ರಿಗೆ ಒಂದು ಕಥೆ ಮುಗಿಯುತ್ತೆ, ಅದರಿಂದ ಶುರು ಮಾಡಿ. ಆಮೇಲೆ ನಾಲ್ಕು ಮತ್ತು ಐದನೇ ಪುಸ್ತಕ ಎರಡನ್ನೂ ಎದುರಿಗಿಟ್ಕೊಂಡು, ಅಧ್ಯಾಯಗಳನ್ನ ಕಾಲಕ್ಕೆ ಸರಿಯಾಗಿ ಬೆರೆಸಿ ಓದಿ, ಇದರಿಂದ ಒಂದು ಅದರಿಂದ ಎರಡು ಅಂತ. ಹಾಗೆ ಬೆರೆಸಿದ ಪಟ್ಟಿಗಳನ್ನ ಓದುಗರೇ ಮಾಡಿಟ್ಟಿದ್ದಾರೆ, ಸುಲಭವಾಗಿ ಸಿಗುತ್ತೆ. ಮೀರೀನ್‌ಗೆ ಬಂದಾಗ ಒಂದು ಪೆನ್ಸಿಲ್ ತಗೊಂಡು ಯಾರು ಯಾವತ್ತು ಎಲ್ಲಿದ್ದಾರೆ ಅಂತ ಒಂದು ಹಾಳೆ ಮೇಲೆ ಬರೀತಾ ಹೋಗಿ, ಕ್ವೆಂಟಿನ್‌ನ ಎರಡು ದಿನ ಮುಂಚೆ ತಂದು ನೋಡಿ ಏನೇನು ಬದಲಾಗುತ್ತೆ ಅಂತ. ಆ ಹಾಳೆ ತುಂಬಿದ ಮೇಲೆ ಏನನ್ನಿಸ್ತು ಅಂತ ನನಗೆ ಬರೀರಿ.